ಎಳೆಯ ಭುಜ, ಲೆಕ್ಕಕ್ಕೆ ಸಿಗದ ಎಸೆತ

ಚೆಂಡು ಎಸೆಯುವ ಹುಡುಗರ ಭುಜ, ಮೊಣಕೈಗಳ ನೋವು ಒಂದೇ ಎಸೆತದಿಂದ ಬರುವುದು ಅಪರೂಪ. ಬಿಡುವು ಕೊಡದೆ ವಾರಗಟ್ಟಲೆ ಎಸೆದದ್ದು ಒಟ್ಟುಗೂಡಿ ನೋವಾಗುತ್ತದೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯ ಬಳಿ ಮೃದ್ವಸ್ಥಿಯ ಪದರವೊಂದಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಯೇ. ದೊಡ್ಡವರಲ್ಲಿ ಅಸ್ಥಿರಜ್ಜು ಹರಿಯುವಷ್ಟು ಎಳೆತ ಬಿದ್ದಾಗ, ಹುಡುಗರಲ್ಲಿ ಮೊದಲು ಸೋಲುವುದು ಈ ಪದರ.

ಕೈ ಹಿಂದಕ್ಕೆ ಹೋಗಿ ಮುಂದಕ್ಕೆ ಚಿಮ್ಮುವಾಗ ಮೊಣಕೈಯ ಒಳಬದಿ ಜಗ್ಗುತ್ತದೆ, ಹೊರಬದಿಯಲ್ಲಿ ಮೂಳೆಗೆ ಮೂಳೆ ಒತ್ತುತ್ತದೆ. ಭುಜದ ಕೆಳಗೆ ತೋಳಿನ ಮೂಳೆ ತಿರುಚಿಕೊಳ್ಳುತ್ತದೆ. ಭುಜ ನೋಯುವ ಹುಡುಗನ ಎರಡೂ ಭುಜಗಳ ಎಕ್ಸ್‌ರೇ ಪಕ್ಕಪಕ್ಕ ಇಟ್ಟರೆ ಎಸೆಯುವ ಕಡೆಯ ಪದರ ಅಗಲವಾಗಿರುವುದು ಕಾಣುತ್ತದೆ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದು ಹಳೆಯ ಕಾಯಿಲೆ. ಅಲ್ಲಿನ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ 2007ರಿಂದ ಎಸೆತಗಳನ್ನೇ ಎಣಿಸುತ್ತದೆ: 11–12 ವರ್ಷದ ಹುಡುಗನಿಗೆ ದಿನಕ್ಕೆ 85 ಮಿತಿ, 66 ಮುಟ್ಟಿದರೆ ನಾಲ್ಕು ದಿನ ರಜೆ.

ನಮ್ಮ ಚಿಂತಾಮಣಿ, ಶಿಡ್ಲಘಟ್ಟದ ಮೈದಾನಗಳಲ್ಲಾದರೆ ಆಟ ಕ್ರಿಕೆಟ್. ಬೌಲಿಂಗ್‌ನಲ್ಲಿ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ. ಹಾಗಾಗಿ ಮೊಣಕೈ ಬಚಾವಾಗಿ ಭಾರ ಭುಜ, ಬೆನ್ನುಗಳ ಮೇಲೆ ಬೀಳುತ್ತದೆ. ಮೈಸೂರಿನ ವೇಗಿ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ತಿಂಗಳುಗಟ್ಟಲೆ ಆಟದಿಂದ ಹೊರಗಿದ್ದರು. ಬೆಂಗಳೂರಿನ ವೇಗಿ ಪ್ರಸಿದ್ಧ್ ಕೃಷ್ಣ ಅವರನ್ನು ಕಾಡಿದ್ದು ಬೆನ್ನುಮೂಳೆಯ ಬಿರುಕು. ಈ ಇಬ್ಬರಿಗೂ ಫಿಸಿಯೋ, ಸ್ಕ್ಯಾನ್, ಬದಲಿ ಆಟಗಾರ ಎಲ್ಲವೂ ಇದ್ದವು. ತಾಲ್ಲೂಕು ಮಟ್ಟದ ಹುಡುಗನಿಗೆ ಸಿಗುವುದು ಹೆಚ್ಚೆಂದರೆ ಸ್ಪ್ರೇ, ಎಣ್ಣೆ ನೀವಿಕೆ.

ಮೊಣಕೈಗೆ ನಿಜವಾದ ಹೊಡೆತ ಬೀಳುವುದು ಫೀಲ್ಡಿಂಗ್‌ನಲ್ಲಿ. ಬೌಂಡರಿ ಗೆರೆಯಿಂದ ಕೀಪರ್ ಕೈಗೆ ನೇರ ಎಸೆಯುವುದು ಬೇಸ್‌ಬಾಲ್ ಪಿಚರ್‌ನ ಎಸೆತಕ್ಕೆ ತೀರ ಹತ್ತಿರ. ಕೈ ಕಾಯಿಸಿಕೊಳ್ಳದೆ, ಅರ್ಧ ಗಂಟೆ ಸುಮ್ಮನೆ ನಿಂತವನು ಒಮ್ಮೆಲೇ ಬಲ ಹಾಕುತ್ತಾನೆ. ಬೇಸಿಗೆ ರಜೆಯ ಟೆನಿಸ್ ಬಾಲ್ ಟೂರ್ನಿಗಳಲ್ಲಿ ದಿನಕ್ಕೆ ಎರಡು ಮೂರು ಪಂದ್ಯ ಬಿದ್ದರಂತೂ ಕೇಳುವುದೇ ಬೇಡ. ಚೆಂಡು ಹಗುರವಾದ್ದರಿಂದ ದೂರ ಮುಟ್ಟಿಸಲು ತೋಳನ್ನು ಇನ್ನೂ ಜೋರಾಗಿ ಬೀಸಬೇಕು. ಸ್ಕೋರ್ ಪುಸ್ತಕದಲ್ಲಿ ಓವರ್ ಲೆಕ್ಕ ಸಿಗುತ್ತದೆ, ಈ ಥ್ರೋಗಳ ಲೆಕ್ಕ ಎಲ್ಲೂ ಇರುವುದಿಲ್ಲ.

ಚಿಕಿತ್ಸೆ ದುಬಾರಿಯೇನಲ್ಲ, ಆದರೆ ಹುಡುಗರಿಗೆ ಅಪ್ರಿಯ: ಎಸೆಯುವುದನ್ನು ನಿಲ್ಲಿಸಬೇಕು. ಭುಜದ ಪದರ ಕೂಡಿಕೊಳ್ಳಲು ಸಾಧಾರಣವಾಗಿ ಮೂರು ತಿಂಗಳು ಬೇಕು. ಅಷ್ಟರಲ್ಲಿ ಓಡಬಹುದು, ಹೆಗಲಿನ ಹಿಂಭಾಗದ ಸ್ನಾಯುಗಳನ್ನು ಬಲಪಡಿಸಬಹುದು. ಆಮೇಲೆ ಹತ್ತಿರದ ಮೆಲ್ಲನೆಯ ಎಸೆತದಿಂದ ಶುರು. ನೋವಿನ ಮಾತ್ರೆ ನುಂಗಿಸಿ ಫೈನಲ್ ಆಡಿಸುವುದು ತಪ್ಪು. ನೋವು ಮುಚ್ಚಿಹೋದರೂ ಪದರ ಸವೆಯುತ್ತಲೇ ಇರುತ್ತದೆ. ಮೊಣಕೈ ಪೂರ್ತಿ ನೆಟ್ಟಗಾಗದಿದ್ದರೆ, ಮರುದಿನವೂ ನೋವು ಇಳಿಯದಿದ್ದರೆ ಹುಡುಗನನ್ನು ಮೂಳೆ ವೈದ್ಯರಿಗೇ ತೋರಿಸಬೇಕು.