ಬಸ್ಸಿನ ಹಿಂಬದಿಯ ಯಂತ್ರಮಾನವ

ಅಮೃತಹಳ್ಳಿಯ ಕಾಲೇಜು ಹುಡುಗ ಕಂಪ್ಯೂಟರಿನ ಮುಂದೆ ಕುಳಿತೇ ೨೦೩೮ರ ಅಮೆರಿಕಕ್ಕೆ ಹೋಗಿಬರಬಹುದು. ೨೦೧೮ರಲ್ಲಿ ಫ್ರಾನ್ಸಿನ ಕ್ವಾಂಟಿಕ್ ಡ್ರೀಮ್ ಸಂಸ್ಥೆ ರೂಪಿಸಿದ ‘ಡೆಟ್ರಾಯಿಟ್: ಬಿಕಮ್ ಹ್ಯೂಮನ್’ ಅಂಥದೊಂದು ವಿಡಿಯೋ ಗೇಮ್. ಅಲ್ಲಿ ಮನುಷ್ಯರಂತೆಯೇ ಕಾಣುವ ಆಂಡ್ರಾಯ್ಡುಗಳು ಬಸ್ಸಿನ ಹಿಂಬದಿಯ ಪ್ರತ್ಯೇಕ ಜಾಗದಲ್ಲಿ ನಿಂತೇ ಪ್ರಯಾಣಿಸಬೇಕು. ಮನೆಗೆಲಸದ ಕಾರಾ ಪಾತ್ರೆ ತೊಳೆದು, ಯಜಮಾನನ ಸಿಟ್ಟನ್ನೂ ಸಹಿಸಬೇಕು. ಆಟಗಾರನೇ ಕಾರಾ ಆಗಬೇಕಾಗುವುದು ಇಲ್ಲಿನ ವಿಶೇಷ.

‘ರೋಬೋಟ್’ ಪದ ಬಳಕೆಗೆ ಬಂದದ್ದು ಕಾರೆಲ್ ಚಾಪೆಕ್‌ನ ೧೯೨೦ರ ನಾಟಕದಿಂದ. ಅದರ ಮೂಲವಾದ ಚೆಕ್ ಪದಕ್ಕೆ ಬಿಟ್ಟಿ ಚಾಕರಿ ಎಂದರ್ಥ. ನಮ್ಮಲ್ಲಿ ೧೯೭೬ರ ಕಾಯಿದೆ ನಿಷೇಧಿಸಿದ ಜೀತವೂ ಅದರ ನಂಟೇ.

ಹಿಂಸೆಯ ದೃಶ್ಯಗಳಿರುವ ಈ ಆಟ ಚಿಕ್ಕ ಮಕ್ಕಳಿಗಲ್ಲ. ಅದು ಎತ್ತುವ ಪ್ರಶ್ನೆ ಮಾತ್ರ ಎಲ್ಲರದು: ಮನೆಗೆಲಸದಾಕೆಗೆ ಕಾಫಿ ಕೊಡುವ ಲೋಟ ಮನೆಯವರದೇ, ಬೇರೆಯದೇ? ಮಕ್ಕಳು ಅದನ್ನು ನೋಡಿಯೇ ಕಲಿಯುತ್ತಾರೆ.