ಡಬ್ಬಿಯ ಲೆಕ್ಕ: ಸಕ್ಕರೆ ಕಾಯಿಲೆ ಮತ್ತು ನಮ್ಮ ತಿಂಡಿ

ಸಕ್ಕರೆ ಕಾಯಿಲೆ ಎಂದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಯಾರಿಗೂ ಹೊಸ ಮಾತಲ್ಲ. "ನನಗೆ ಶುಗರ್ ಇದೆ, ಟೀಗೆ ಸಕ್ಕರೆ ಹಾಕಬೇಡಿ" ಎನ್ನುವ ಹಿರಿಯರು ಹೆಚ್ಚಿನ ಮನೆಗಳಲ್ಲಿ ಸಿಗುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಇದ್ದಾರೆ.

ಆದರೆ ಇದು ವಯಸ್ಸಾದವರಿಗೆ ಮಾತ್ರ ಬರುತ್ತದೆ ಎಂಬುದು ತಪ್ಪು. ನನಗೆ ಈಗ ಹದಿನೇಳು ವರ್ಷ. ಹದಿಮೂರನೇ ವಯಸ್ಸಿನಿಂದ ನಾನು ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೇನೆ. "ನಿನ್ನ ಡಬ್ಬಿಯಲ್ಲಿ ದಿನಾ ಏನಿರುತ್ತೆ?", "ಕ್ಲಾಸ್ ಮಧ್ಯೆ ಯಾಕೆ ತಿಂತೀಯ?", "ಚಿಕ್ಕವಳಿದ್ದಾಗ ತುಂಬಾ ಸಿಹಿ ತಿಂದಿದ್ಯಾ?" ಎಂದು ಸಹಪಾಠಿಗಳು ಕೇಳುತ್ತಿರುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳೋಣ ಎಂದು ಈ ಲೇಖನ ಬರೆಯುತ್ತಿದ್ದೇನೆ.

ಎರಡು ಬಗೆ

ನಾವು ತಿನ್ನುವ ಅನ್ನ, ರೊಟ್ಟಿ, ಮುದ್ದೆ, ಹಣ್ಣು, ಸಿಹಿ ಎಲ್ಲದರಲ್ಲೂ ಕಾರ್ಬೋಹೈಡ್ರೇಟ್ ಇದೆ. ಹೈಸ್ಕೂಲಿನ ವಿಜ್ಞಾನದಲ್ಲಿ ಇದನ್ನು ಶರ್ಕರಪಿಷ್ಟ ಎಂದು ಓದಿದ್ದೇವೆ. ಹೊಟ್ಟೆಯಲ್ಲಿ ಅದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆ ಗ್ಲೂಕೋಸ್ ಜೀವಕೋಶಗಳ ಒಳಗೆ ಹೋಗಲು ಇನ್ಸುಲಿನ್ ಬೇಕು. ಮೇದೋಜೀರಕ ಗ್ರಂಥಿ ಅದನ್ನು ತಯಾರಿಸುತ್ತದೆ.

ಅಜ್ಜಂಪುರದಲ್ಲಿರುವ ನನ್ನ ದಾದಿಗೆ ಇರುವುದು ಎರಡನೇ ಬಗೆ. ಅವರ ದೇಹದಲ್ಲಿ ಇನ್ಸುಲಿನ್ ಇದೆ, ಆದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾತ್ರೆ, ನಡಿಗೆ ಮತ್ತು ಊಟದ ಹತೋಟಿಯಿಂದ ಅವರು ನಡೆಸುತ್ತಿದ್ದಾರೆ. ನಮ್ಮ ದೇಶದ ಬಹುಪಾಲು ರೋಗಿಗಳು ಈ ಬಗೆಯವರು.

ನನಗಿರುವುದು ಮೊದಲನೇ ಬಗೆ. ದೇಹದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡಿಬಿಡುತ್ತದೆ. ಇದು ಸಿಹಿ ತಿಂದಿದ್ದರಿಂದ ಬಂದದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು, ಏಕಾಏಕಿ ತೂಕ ಇಳಿಯುವುದು ಇದರ ಲಕ್ಷಣಗಳು. ನಿಮ್ಮ ತಮ್ಮನಿಗೋ ತಂಗಿಗೋ ಹೀಗಾದರೆ ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಿ.

ಮೊದಲನೇ ಬಗೆಯವರಿಗೆ ಇನ್ಸುಲಿನ್ ಬಿಟ್ಟು ಬೇರೆ ದಾರಿ ಇಲ್ಲ. ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ 1921ರಲ್ಲಿ ಅದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗ. ಅದಕ್ಕೂ ಮುಂಚೆ ನನ್ನಂಥ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಬ್ಯಾಂಟಿಂಗ್ ಹುಟ್ಟಿದ ದಿನವಾದ ನವೆಂಬರ್ 14 ಈಗ ವಿಶ್ವ ಮಧುಮೇಹ ದಿನ. ನಾವು ಮಕ್ಕಳ ದಿನಾಚರಣೆ ಮಾಡುವುದೂ ಅವತ್ತೇ.

ತರೀಕೆರೆಯ ಖಾಲಾ ನನ್ನ ಮೇಲಿನ ಪ್ರೀತಿಯಿಂದ ಹಾಗಲಕಾಯಿ ರಸ, ಮೆಂತ್ಯದ ನೀರು ಎಂದು ಹೇಳುತ್ತಲೇ ಇರುತ್ತಾರೆ. ಹಾಗಲಕಾಯಿ ಪಲ್ಯ ನಾನೂ ತಿನ್ನುತ್ತೇನೆ. ಆದರೆ ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಮೊದಲನೇ ಬಗೆಯವರು ಕೆಲವೇ ದಿನಗಳಲ್ಲಿ ಪ್ರಾಣಾಪಾಯಕ್ಕೆ ಸಿಲುಕುತ್ತಾರೆ. ಈ ಒಂದು ವಾಕ್ಯವನ್ನು ದಯವಿಟ್ಟು ನಿಮ್ಮ ಮನೆಯಲ್ಲೂ ಹೇಳಿ.

ನಗದು ಪುಸ್ತಕ ಮತ್ತು ತ್ರೈಮಾಸಿಕ ವರದಿ

ನಾನು ವಾಣಿಜ್ಯ ವಿದ್ಯಾರ್ಥಿನಿ. ಆದ್ದರಿಂದ ನನಗೆ ಇದು ಲೆಕ್ಕಶಾಸ್ತ್ರದ ಭಾಷೆಯಲ್ಲೇ ಅರ್ಥವಾಗುತ್ತದೆ. ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡುವ ಅಂಕಿ ನಗದು ಪುಸ್ತಕದಂತೆ, ಆ ಹೊತ್ತಿನ ಶಿಲ್ಕು ತೋರಿಸುತ್ತದೆ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಸುಮಾರು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅದು ತ್ರೈಮಾಸಿಕ ವರದಿ. ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿದರೆ ನಗದು ಪುಸ್ತಕ ಚೆನ್ನಾಗಿ ಕಾಣಬಹುದು, ತ್ರೈಮಾಸಿಕ ವರದಿಯನ್ನು ಮೋಸ ಮಾಡಲಾಗದು.

ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂಗಿಂತ ಕಡಿಮೆ ಗ್ಲೂಕೋಸ್ ಇದ್ದರೆ ಅದು ಸಾಮಾನ್ಯ. 100ರಿಂದ 125 ಇದ್ದರೆ ಎಚ್ಚರಿಕೆ. 126 ಅಥವಾ ಅದಕ್ಕಿಂತ ಹೆಚ್ಚಿದ್ದು, ಮತ್ತೆ ಪರೀಕ್ಷಿಸಿದಾಗಲೂ ಹಾಗೇ ಬಂದರೆ ಸಕ್ಕರೆ ಕಾಯಿಲೆ. ಎಚ್‌ಬಿಎ1ಸಿ 6.5 ಶೇಕಡಾ ಮುಟ್ಟಿದರೂ ಅದೇ ಅರ್ಥ.

ಊಟಕ್ಕೆ ಮೊದಲು ನಾನು ತಟ್ಟೆಯಲ್ಲಿ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಇದೆ ಎಂದು ಅಂದಾಜು ಮಾಡಿ, ಅದಕ್ಕೆ ತಕ್ಕಷ್ಟು ಇನ್ಸುಲಿನ್ ತೆಗೆದುಕೊಳ್ಳಬೇಕು. ಎಷ್ಟು ಗ್ರಾಂಗೆ ಎಷ್ಟು ಯೂನಿಟ್ ಎಂಬುದನ್ನು ವೈದ್ಯರು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುತ್ತಾರೆ. ಹನ್ನೊಂದು ಗಂಟೆಯ ವಿರಾಮದಲ್ಲಿ ಒಂದು ಬನ್ನು ತಿಂದರೆ ಇನ್ನೊಂದು ಸಲ ಚುಚ್ಚಿಕೊಳ್ಳಬೇಕು. ಕಾರ್ಬೋಹೈಡ್ರೇಟ್ ಕಡಿಮೆ ಇರುವ ತಿಂಡಿಯಾದರೆ ಸಾಮಾನ್ಯವಾಗಿ ಆ ಚುಚ್ಚುಮದ್ದು ಬೇಕಾಗುವುದಿಲ್ಲ. ನನ್ನ ಡಬ್ಬಿಯ ಗುಟ್ಟು ಇಷ್ಟೇ.

ನಮ್ಮೂರಿನ ತಿಂಡಿಗಳ ಲೆಕ್ಕ

ಸಂಜೆಯಾದರೆ ನಮ್ಮ ಮೂರೂ ಊರುಗಳಲ್ಲಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಘಮಘಮ ಎನ್ನುತ್ತದೆ. ಮಂಡಕ್ಕಿ ಹಗುರ, ಆದ್ದರಿಂದ ಏನೂ ಆಗದು ಎಂದು ಹಲವರು ತಿಳಿಯುತ್ತಾರೆ. ಮಂಡಕ್ಕಿ ಎಂದರೆ ಅಕ್ಕಿಯೇ. ತೂಕದಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟ್. 50 ಗ್ರಾಂ ಮಂಡಕ್ಕಿಯಲ್ಲಿ ಹತ್ತಿರ ಹತ್ತಿರ 40 ಗ್ರಾಂ ಇರುತ್ತದೆ, ಅದೂ ಬೇಗ ರಕ್ತಕ್ಕೆ ಸೇರುವಂಥದ್ದು.

ಬೇಕರಿಯ ಪಫ್ಸ್, ದಿಲ್‌ಪಸಂದ್, ಬನ್ನು ಎಲ್ಲ ಮೈದಾದ್ದು. ಖಾರವಾಗಿದೆ ಎಂದ ಮಾತ್ರಕ್ಕೆ ಸಕ್ಕರೆ ಏರುವುದಿಲ್ಲ ಎಂದಲ್ಲ. ಸಾಮಾನ್ಯ ಗಾತ್ರದ ನಾಲ್ಕು ಬಿಸ್ಕತ್ತಿನಲ್ಲಿ ಸುಮಾರು 16 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ದಾದಿ 'ಶುಗರ್ ಫ್ರೀ' ಎಂದು ಬರೆದ ಬಿಸ್ಕತ್ತು ತರಿಸುತ್ತಿದ್ದರು. ನಾನು ಪೊಟ್ಟಣದ ಹಿಂಬದಿ ಓದಿ ಹೇಳಿದೆ: "ದಾದಿ, ಸಕ್ಕರೆ ಹಾಕಿಲ್ಲ ನಿಜ, ಹಿಟ್ಟು ಹಾಕಿದ್ದಾರಲ್ಲ!" ಪೊಟ್ಟಣದ ಹಿಂದಿನ ಕೋಷ್ಟಕದಲ್ಲಿ 100 ಗ್ರಾಂಗೆ ಎಷ್ಟು ಕಾರ್ಬೋಹೈಡ್ರೇಟ್, ಎಷ್ಟು ಸಕ್ಕರೆ ಎಂದು ಬರೆದಿರುತ್ತಾರೆ. ಮೊದಲು ನೋಡಬೇಕಾದದ್ದು ಒಟ್ಟು ಕಾರ್ಬೋಹೈಡ್ರೇಟಿನ ಸಾಲು. ಬೆಲ್ಲ, ಜೇನುತುಪ್ಪವೂ ಸಕ್ಕರೆಯ ನೆಂಟರೇ.

ರಾಗಿಯ ವಿಷಯಕ್ಕೆ ಬರೋಣ. ಕಡೂರು ಸೀಮೆಯವರಿಗೆ ರಾಗಿ ಎಂದರೆ ಹೆಮ್ಮೆ. ರಾಗಿಯಲ್ಲಿ ನಾರಿನಂಶ, ಸುಣ್ಣದಂಶ ಚೆನ್ನಾಗಿದೆ, ಅದು ಒಳ್ಳೆಯ ಧಾನ್ಯ. ಆದರೆ ಒಂದು ಮುದ್ದೆಗೆ 75 ಗ್ರಾಂ ಹಿಟ್ಟು ಹಿಡಿದರೆ ಅದರಲ್ಲಿ ಸುಮಾರು 50 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. "ಶುಗರ್ ಇರುವವರು ಎಷ್ಟು ಮುದ್ದೆಯಾದರೂ ಉಣ್ಣಬಹುದು" ಎಂಬುದು ಸರಿಯಲ್ಲ. ಮುದ್ದೆ ಚಿಕ್ಕದಾಗಿರಲಿ, ಸೊಪ್ಪು ಕಾಳಿನ ಸಾರು ಹೆಚ್ಚಿರಲಿ.

ಹಾಗಾದರೆ ನನ್ನ ಡಬ್ಬಿಯಲ್ಲಿ ಏನಿರುತ್ತದೆ? ಬೇಯಿಸಿದ ಮೊಟ್ಟೆ ಒಂದು ಇದ್ದರೆ ಕಾರ್ಬೋಹೈಡ್ರೇಟ್ ಒಂದು ಗ್ರಾಂ ಕೂಡ ಇಲ್ಲ. ಒಂದು ಹಿಡಿ, ಎಂದರೆ 30 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 5 ಗ್ರಾಂ. ಒಂದು ತುಂಡು ಹಸಿ ತೆಂಗಿನಕಾಯಿಯಲ್ಲೂ ಹೆಚ್ಚು ಕಡಿಮೆ ಅಷ್ಟೇ. ತೆಂಗಿಗೆ ನಮ್ಮ ಕಡೆ ಬರವಿಲ್ಲ. ಸೌತೆಕಾಯಿ ಹೆಚ್ಚಿ ಉಪ್ಪು, ನಿಂಬೆರಸ ಹಿಂಡಿದರೆ ಬಿಸಿಲಿಗೂ ಹಿತ. ತೆಳು ಮಜ್ಜಿಗೆ ಒಂದು ಲೋಟ. ಸ್ವಲ್ಪ ಹೆಸರುಬೇಳೆ ಕೋಸಂಬರಿ. ಶುಕ್ರವಾರ ಅಮ್ಮಿ ಎರಡು ಶಾಮಿ ಕಬಾಬ್ ಇಟ್ಟು ಕಳಿಸುತ್ತಾರೆ. ಮಾಂಸದ ಜೊತೆ ಸ್ವಲ್ಪ ಕಡಲೆಬೇಳೆ ಬಿಟ್ಟರೆ ಅದರಲ್ಲಿ ಹಿಟ್ಟಿಲ್ಲ. ಡಬ್ಬಿ ತೆರೆದರೆ ನನಗೆ ಒಂದೂ ಉಳಿಯುವುದಿಲ್ಲ ಎಂಬುದು ಬೇರೆ ಮಾತು! ಹುರಿಗಡಲೆ ಆರೋಗ್ಯಕರ, ಆದರೆ ಒಂದು ಹಿಡಿಯಲ್ಲಿ 17 ಗ್ರಾಂನಷ್ಟು ಇರುವುದರಿಂದ ಅಳತೆ ಮಾಡಿ ತಿನ್ನುತ್ತೇನೆ. ಏಲಕ್ಕಿ ಬಾಳೆ ಚಿಕ್ಕದಾದರೂ ಒಂದರಲ್ಲಿ ಸುಮಾರು 12 ಗ್ರಾಂ ಇದೆ. ಆಟದ ಪಿರಿಯಡ್‌ಗೆ ಮುಂಚೆ ಅದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ. ಕಾರ್ಬೋಹೈಡ್ರೇಟ್ ಕಡಿಮೆ ಮಾಡುವುದು ಎಂದರೆ ಪೂರ್ತಿ ಬಿಡುವುದಲ್ಲ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಟ್ಟರೆ ಸಕ್ಕರೆ ಅಪಾಯಕ್ಕೆ ಇಳಿಯಬಹುದು. ಕಡಲೆಕಾಯಿಯಲ್ಲಿ ಎಣ್ಣೆಯಂಶ ಹೆಚ್ಚು, ಮೂತ್ರಪಿಂಡದ ತೊಂದರೆ ಇರುವ ಹಿರಿಯರ ಪಥ್ಯವೂ ಬೇರೆ. ನನ್ನ ಡಬ್ಬಿ ನನ್ನದು, ನಿಮ್ಮ ಮನೆಯವರ ಡಬ್ಬಿಯನ್ನು ಅವರ ವೈದ್ಯರೇ ಹೇಳಬೇಕು.

ಸಕ್ಕರೆ ಇಳಿದಾಗ

70ಕ್ಕಿಂತ ಕೆಳಗೆ ಇಳಿದರೆ ಲೆಕ್ಕ ತಲೆಕೆಳಗು. ಆಗ ನನಗೆ ಸಕ್ಕರೆಯೇ ಔಷಧಿ. ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಾಗುವುದಿಲ್ಲ. ಕೋಪ ಬಂದವಳಂತೆ ಕಾಣಬಹುದು. ಆಗ ಮೊಟ್ಟೆ, ಕಡಲೆಕಾಯಿ ಪ್ರಯೋಜನವಿಲ್ಲ. ಚಾಕೊಲೇಟಿನಲ್ಲಿರುವ ಕೊಬ್ಬು ಕೂಡ ತಡ ಮಾಡುತ್ತದೆ. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ ಕೊಡಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಇನ್ನೂ ಕಡಿಮೆ ಇದ್ದರೆ ಮತ್ತೆ ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋಗಬಹುದು. ಪಕ್ಕಕ್ಕೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ.

ನನ್ನ ಬ್ಯಾಗಿನ ಮುಂದಿನ ಜೇಬಿನಲ್ಲಿ ಗ್ಲೂಕೋಸ್ ಪುಡಿ ಸದಾ ಇರುತ್ತದೆ. ನನ್ನ ಬೆಂಚಿನ ಗೆಳತಿಯರಿಗೆ ಅದು ಗೊತ್ತು. ಇದನ್ನು ಓದಿದ ಮೇಲೆ ನಿಮಗೂ ಗೊತ್ತಾಯಿತು.

ರಂಜಾನ್ ಮತ್ತು ಪರೀಕ್ಷೆ

ಈಚಿನ ವರ್ಷಗಳಲ್ಲಿ ರಂಜಾನ್ ತಿಂಗಳು ಪಿಯು ಪರೀಕ್ಷೆಯ ಆಸುಪಾಸಿನಲ್ಲೇ ಬರುತ್ತಿದೆ. ನಾನು ರೋಜಾ ಇಡಬಾರದು ಎಂದು ವೈದ್ಯರು ಹೇಳಿದ್ದಾರೆ. ಕಾಯಿಲೆಯವರಿಗೆ ಕುರ್‌ಆನ್‌ನಲ್ಲೇ ವಿನಾಯಿತಿ ಇದೆ ಎಂದು ಅಬ್ಬಾ ನನಗೆ ಸಮಾಧಾನ ಹೇಳುತ್ತಾರೆ. ಆದರೂ ಎಲ್ಲರೂ ಉಪವಾಸವಿರುವಾಗ ಡಬ್ಬಿ ತೆರೆಯುವುದು ಸುಲಭವಲ್ಲ. ನಾನು ಮೂಲೆಯಲ್ಲಿ ತಿನ್ನುತ್ತಿರುವುದು ಕಂಡರೆ, ಹುಡುಗಿಗೆ ಭಕ್ತಿ ಇಲ್ಲ ಎಂದು ತಿಳಿಯಬೇಡಿ. ಎರಡನೇ ಬಗೆಯವರಲ್ಲಿ ಕೆಲವರು ವೈದ್ಯರ ಒಪ್ಪಿಗೆ ಪಡೆದು, ಮಾತ್ರೆಯ ಹೊತ್ತು ಬದಲಿಸಿಕೊಂಡು ರೋಜಾ ಇಡುತ್ತಾರೆ. ಬೆರಳು ಚುಚ್ಚಿ ರಕ್ತ ನೋಡಿದರೆ ರೋಜಾ ಮುರಿಯುವುದಿಲ್ಲ ಎಂದು ಉಲಮಾಗಳು ಹೇಳುತ್ತಾರೆ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಆ ಕ್ಷಣವೇ ರೋಜಾ ಬಿಡಬೇಕು ಎಂಬುದು ವೈದ್ಯರ ಸಲಹೆ. ಇಫ್ತಾರ್‌ನಲ್ಲಿ ಒಂದು ಖರ್ಜೂರ ಸಾಕು, ಶರಬತ್ತು ಮತ್ತು ಸಮೋಸದ ಜಾಗಕ್ಕೆ ಮಜ್ಜಿಗೆ, ಕಬಾಬ್, ಹಣ್ಣಿನ ಹೋಳು ಬಂದರೆ ಮನೆಯವರಿಗೆಲ್ಲ ಒಳ್ಳೆಯದು.

ಇನ್ನು ಪರೀಕ್ಷೆ. ಮೊದಲನೇ ಬಗೆಯ ಸಕ್ಕರೆ ಕಾಯಿಲೆ ಇರುವವರು ಪರೀಕ್ಷಾ ಕೊಠಡಿಗೆ ತಿಂಡಿ, ನೀರು ಒಯ್ಯಲು ಸಿಬಿಎಸ್‌ಇ 2017ರಲ್ಲೇ ಅವಕಾಶ ಕೊಟ್ಟಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ಎಲ್ಲ ರಾಜ್ಯಗಳಿಗೂ ಪತ್ರ ಬರೆದು, ಇಂಥ ಮಕ್ಕಳಿಗೆ ತರಗತಿಯಲ್ಲೂ ಪರೀಕ್ಷೆಯಲ್ಲೂ ಗ್ಲೂಕೋಮೀಟರ್, ಸಕ್ಕರೆ ಮಾತ್ರೆ, ತಿಂಡಿ ಇಟ್ಟುಕೊಳ್ಳಲು ಬಿಡಬೇಕು ಎಂದು ತಿಳಿಸಿತು. ಮೂರು ಗಂಟೆಯ ಲೆಕ್ಕಶಾಸ್ತ್ರದ ಪತ್ರಿಕೆಯ ನಡುವೆ ನನ್ನ ಸಕ್ಕರೆ 60ಕ್ಕೆ ಇಳಿದರೆ ಕೂಡುವುದು ಕಳೆಯುವುದೂ ಬರುವುದಿಲ್ಲ. ಎರಡು ವರ್ಷದ ಓದು ಆ ಹತ್ತು ನಿಮಿಷದಲ್ಲಿ ಹೋಗಬಹುದು. ಆದ್ದರಿಂದ ನಮ್ಮ ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ: ಇಂಥ ವಿದ್ಯಾರ್ಥಿಗಳ ವೈದ್ಯರ ಪತ್ರವನ್ನು ಪರೀಕ್ಷೆಗೆ ಸಾಕಷ್ಟು ಮೊದಲೇ ಪಡೆದು, ಪರೀಕ್ಷಾ ಕೇಂದ್ರಕ್ಕೆ ತಿಳಿಸುವ ವ್ಯವಸ್ಥೆ ಮಾಡಿಕೊಡಿ.

ಕ್ಯಾಂಟೀನಿನವರಲ್ಲೂ ಒಂದು ಕೋರಿಕೆ. ಬನ್ನು, ಪಫ್ಸ್ ಜೊತೆಗೆ ಬೇಯಿಸಿದ ಮೊಟ್ಟೆ, ಕಡಲೆಕಾಯಿ, ಸಕ್ಕರೆ ಹಾಕದ ಮಜ್ಜಿಗೆ ಇಟ್ಟು ನೋಡಿ. ಬೇಡಿಕೆ ಇದ್ದಲ್ಲಿ ಪೂರೈಕೆ ಬರುತ್ತದೆ ಎಂದು ನಾವು ಅರ್ಥಶಾಸ್ತ್ರದಲ್ಲಿ ಓದಿದ್ದೇವೆ. ಸ್ನೇಹಿತರೇ, ಆ ಬೇಡಿಕೆ ನನ್ನೊಬ್ಬಳದೇ ಆಗದಿರಲಿ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ನೋಡಲು ಬೇರೆಯೇ ವಿಭಾಗ ಇದೆ. ಬೇಗ ಗೊತ್ತಾದರೆ ಕಣ್ಣು, ಕಾಲು, ಮೂತ್ರಪಿಂಡ ಉಳಿಸಿಕೊಳ್ಳಬಹುದು. ಹಾಗೆಯೇ ನಾಳೆ ನನ್ನ ಡಬ್ಬಿಯಿಂದ ಕಬಾಬ್ ತೆಗೆಯುವಾಗ ಒಂದಾದರೂ ಉಳಿಸಿ!