ಊರು ಹೋಗು ಅಂತು, ಅಜ್ಜಿ ಗಾಡಿ ಹತ್ತಿದರು!

"ಊರು ಹೋಗು ಅಂತದೆ, ಕಾಡು ಬಾ ಅಂತದೆ." ವಯಸ್ಸಾದವರನ್ನು ಕುರಿತು ನಮ್ಮ ಕಡೆ ಹಿಂದಿನಿಂದ ಆಡುತ್ತಾ ಬಂದ ಮಾತು. ಅರ್ಥ ಎಲ್ಲರಿಗೂ ಗೊತ್ತು. ಇನ್ನೇನೂ ಉಳಿದಿಲ್ಲ, ಮಾತ್ರೆ ನುಂಗಿ ಮೂಲೇಲಿ ಕೂತಿರು, ಕರೆ ಬಂದಾಗ ಹೊರಡು. ಅಷ್ಟೇ.

ಅಮೆರಿಕದ ಮಿಷಿಗನ್ ರಾಜ್ಯದ ಒಬ್ಬ ಅಜ್ಜಿ ಮಾತ್ರ ಈ ಮಾತನ್ನು ಬೇರೆ ರೀತಿ ಕೇಳಿಸಿಕೊಂಡರು. ಕಾಡು ಬಾ ಅಂತಾ? ಸರಿ, ಹೋಗೇ ಬಿಡೋಣ ಅಂತ ಗಾಡಿ ಹತ್ತಿದರು. ಆಗ ಅವರಿಗೆ ತೊಂಬತ್ತು ವರ್ಷ. ಹೊಟ್ಟೆಯಲ್ಲಿ ಕ್ಯಾನ್ಸರ್ ಗೆಡ್ಡೆ. ಒಂದು ವರ್ಷದ ಮೇಲೆ ಚಿಲ್ಲರೆ ತಿಂಗಳು ಅವರು ಇದ್ದದ್ದು ಗಾಲಿಗಳ ಮೇಲಿನ ಮನೆಯಲ್ಲೇ. ಒಂದು ಕಾಡಲ್ಲ, ಹತ್ತಾರು ಕಾಡು ಕಂಡರು, ಬೆಟ್ಟ ಕಂಡರು, ಎರಡು ಕಡೆಯ ಸಮುದ್ರವನ್ನೂ ಕಂಡರು.

ಅಜ್ಜಿಯ ಹೆಸರು ನೋರ್ಮಾ ಬಾವರ್‌ಶ್ಮಿಟ್. ಐದಡಿ ಎತ್ತರದ, ಗಾಳಿ ಬೀಸಿದರೆ ಹಾರಿಹೋಗುವಂಥ ಸಣಕಲು ದೇಹ. ಹೆಚ್ಚು ಮಾತಿಲ್ಲ.

ಎರಡೇ ದಿನದ ಅಂತರ

2015ರ ಬೇಸಗೆ. ಅರವತ್ತು ವರ್ಷಕ್ಕೂ ಮೇಲೆ ಜೊತೆಗಿದ್ದ ಗಂಡ ಲಿಯೋ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದರು. ಅದೇ ವಾರ ನೋರ್ಮಾಗೆ ಗರ್ಭಕೋಶದ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಎರಡಕ್ಕೂ ನಡುವೆ ಎರಡೇ ದಿನದ ಅಂತರ. ಒಬ್ಬ ಮಗಳಿದ್ದಳು, ಅವಳೂ ಕೆಲವು ವರ್ಷಗಳ ಹಿಂದೆ ಕ್ಯಾನ್ಸರಿಗೇ ತುತ್ತಾಗಿದ್ದಳು. ಆ ಕಾಯಿಲೆ ಮನೆಗೆ ಬಂದರೆ ಏನಾಗುತ್ತೆ ಅಂತ ಅಜ್ಜಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರು ಪದ್ಧತಿಯಂತೆ ದಾರಿ ಹೇಳಿದರು. ಮೊದಲು ಆಪರೇಷನ್, ಆಮೇಲೆ ವಿಕಿರಣ ಚಿಕಿತ್ಸೆ, ಕೀಮೋ. ಕೇಳಿದ ಅಜ್ಜಿ ನೇರವಾಗಿ ಅವರ ಮುಖ ನೋಡಿ, ತನಗೆ ತೊಂಬತ್ತು ವರ್ಷ, ತಾನು ರಸ್ತೆ ಹಿಡಿಯುತ್ತೇನೆ ಅಂದುಬಿಟ್ಟರು.

ಮಾತಿಗೆ ಹಿನ್ನೆಲೆ ಇತ್ತು. ಮಗ ಟಿಮ್, ಸೊಸೆ ರಾಮೀ ಇಬ್ಬರೂ ವರ್ಷಗಳಿಂದ ಎಳೆದೊಯ್ಯುವ ಸಣ್ಣ ಗಾಡಿಮನೆಯಲ್ಲೇ ಊರೂರು ಸುತ್ತುತ್ತಾ ಇದ್ದವರು. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ ಆಗುತ್ತಾಳೆ ಅನ್ನುವಾಗ ಅವರು ಎರಡು ದಾರಿ ಮುಂದಿಟ್ಟರು. ವೃದ್ಧರ ಆರೈಕೆ ಮನೆಗೆ ಸೇರೋದು ಒಂದು, ನಮ್ಮ ಜೊತೆ ಗಾಡಿಯಲ್ಲಿ ಬರೋದು ಇನ್ನೊಂದು. ನಿನಗೆ ಯಾವುದು ಬೇಕಮ್ಮಾ ಅಂತ ಕೇಳಿದರು. ಅಮ್ಮ ಎರಡನೆಯದನ್ನು ಆರಿಸಿಕೊಂಡರು.

ಡಾಕ್ಟರು ಬೈದರೇ? ಇಲ್ಲ. ಈ ವಯಸ್ಸಿನಲ್ಲಿ ಆಪರೇಷನ್ ಟೇಬಲ್ಲಿನಿಂದ ಎದ್ದು ಬರುವ ಖಾತ್ರಿ ತನಗೂ ಇಲ್ಲ, ತನಗೇ ಈ ಸ್ಥಿತಿ ಬಂದಿದ್ದರೆ ತಾನೂ ಹೀಗೇ ಮಾಡುತ್ತಿದ್ದೆ ಅನ್ನುವ ಅರ್ಥದ ಮಾತಾಡಿ ಕಳಿಸಿಕೊಟ್ಟರು.

ಬಸ್ಸಿನಷ್ಟು ಉದ್ದದ ಮನೆ

ಹಳೆಯ ಗಾಡಿ ಇಬ್ಬರಿಗೇ ಇಕ್ಕಟ್ಟು. ಅದಕ್ಕೆ ಮೂವತ್ತಾರು ಅಡಿಯ ಮೋಟಾರುಮನೆ ತಂದರು. ಅಂದರೆ ನಮ್ಮ ಸಾರಿಗೆ ಬಸ್ಸಿನಷ್ಟು ಉದ್ದ ಅನ್ನಿ. ಒಳಗೆ ಮಂಚ, ಅಡಿಗೆ ಒಲೆ, ಫ್ರಿಜ್ಜು, ಬಚ್ಚಲು ಎಲ್ಲಾ ಇರುತ್ತೆ. ನೀರಿಗೆ ಒಂದು ಟ್ಯಾಂಕು, ತೊಳೆದ ನೀರಿಗೆ ಒಂದು, ಕಕ್ಕಸಿನದಕ್ಕೆ ಬೇರೆ. ಕೆಲವು ದಿನಕ್ಕೊಮ್ಮೆ ಶಿಬಿರದ ಜಾಗದಲ್ಲಿ ಕೊಳವೆ ಸಿಕ್ಕಿಸಿ ಕೊಳೆ ಖಾಲಿ ಮಾಡಬೇಕು, ಚೊಕ್ಕ ನೀರು ತುಂಬಿಸಿಕೊಳ್ಳಬೇಕು. ನೋಡಲಿಕ್ಕೆ ಠೀವಿ, ಕೆಲಸ ಮಾತ್ರ ಮನೆಗಿಂತ ಜಾಸ್ತಿ.

2015ರ ಆಗಸ್ಟಿನಲ್ಲಿ ಗಾಡಿ ಹೊರಟಿತು. ಒಳಗೆ ಮಗ, ಸೊಸೆ, ಅಜ್ಜಿ, ಮಡಚುವ ಗಾಲಿಕುರ್ಚಿ, ಮತ್ತು ರಿಂಗೋ ಅನ್ನುವ ದೊಡ್ಡ ಪೂಡಲ್ ನಾಯಿ. ಅಧ್ಯಕ್ಷರ ಮುಖಗಳನ್ನು ಬಂಡೆಯಲ್ಲಿ ಕೆತ್ತಿದ ಮೌಂಟ್ ರಶ್‌ಮೋರ್ ನೋಡಿದರು. ಬಿಸಿನೀರಿನ ಬುಗ್ಗೆಗಳ ಯೆಲ್ಲೋಸ್ಟೋನ್ ನೋಡಿದರು. ಗ್ರಾಂಡ್ ಕ್ಯಾನ್ಯನ್ ಕಮರಿಯ ಅಂಚಿನಲ್ಲಿ ನಿಂತರು. ಚಳಿಗಾಲಕ್ಕೆ ತೆಂಕಣ ಫ್ಲೋರಿಡಾ. ತೊಂಬತ್ತು ವರ್ಷ ಮಾಡದೇ ಇದ್ದದ್ದನ್ನೆಲ್ಲಾ ಅಜ್ಜಿ ಒಂದೊಂದಾಗಿ ಮಾಡಿದರು. ಬಿಸಿಗಾಳಿ ಬಲೂನು ಹತ್ತಿದರು. ಕುದುರೆ ಏರಿದರು. ಕಾಲುಗುರಿಗೆ ಬಣ್ಣ ಹಚ್ಚಿಸಿಕೊಂಡರು. ಹಸಿ ಟೊಮೇಟೊ ಹುರಿದದ್ದು, ಸಿಂಪಿಯ ಮಾಂಸ, ಹಣ್ಣಿನ ಹೋಳಿಗೆಯಂಥ ಪೈ, ಆಗಾಗ ಒಂದು ಲೋಟ ಬಿಯರು, ಯಾವುದಕ್ಕೂ ಒಲ್ಲೆ ಅನ್ನಲಿಲ್ಲ.

ಒಟ್ಟು ಮೂವತ್ತೆರಡು ರಾಜ್ಯ, ಎಪ್ಪತ್ತೈದು ಊರು, ಸುಮಾರು 13 ಸಾವಿರ ಮೈಲಿ. ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂದು ಸಾವಿರ ಕಿಲೋಮೀಟರಿಗೆ ಹತ್ತಿರ. ಫೋಟೋಗಳನ್ನು ಮಗ-ಸೊಸೆ ಫೇಸ್‌ಬುಕ್ಕಿಗೆ ಹಾಕುತ್ತಿದ್ದರು, ಲಕ್ಷಗಟ್ಟಲೆ ಜನ ನೋಡುತ್ತಿದ್ದರು. ನಿಮಗೆ ಎಲ್ಲಕ್ಕಿಂತ ಹಿಡಿಸಿದ ಊರು ಯಾವುದು ಅಂತ ಯಾರಾದರೂ ಕೇಳಿದರೆ ಅಜ್ಜಿಯ ಉತ್ತರ ಒಂದೇ: ಇಲ್ಲೇ. ಯಾವ ಊರಿನಲ್ಲಿ ಕೇಳಿದರೂ ಅದೇ, ಇಲ್ಲೇ!

ನಾಯಿ ಕಟ್ಟಿಕೊಂಡು ಹೋದ ಸಾಹಿತಿ

ಕಾಯಿಲೆ ಬಿದ್ದ ಮೇಲೆ ಗಾಡಿ ಹತ್ತಿದವರಲ್ಲಿ ಈ ಅಜ್ಜಿಯೇ ಮೊದಲನೆಯವರಲ್ಲ. ಸಾಹಿತಿ ಜಾನ್ ಸ್ಟೈನ್‌ಬೆಕ್ 1959ರ ಕೊನೆಗೆ ಕುಸಿದು ಆಸ್ಪತ್ರೆ ಸೇರಿದ್ದರು. ಮರುವರ್ಷ, ಐವತ್ತೆಂಟನೇ ವಯಸ್ಸಿನಲ್ಲಿ, ಲಾರಿಯ ಬೆನ್ನಿಗೆ ಪುಟ್ಟ ಮನೆ ಕಟ್ಟಿಸಿಕೊಂಡು, ಚಾರ್ಲಿ ಅನ್ನುವ ನಾಯಿಯ ಜೊತೆ ದೇಶ ಸುತ್ತಲು ಹೊರಟರು. ಅದೂ ಪೂಡಲ್ ನಾಯಿಯೇ ಅನ್ನೋದು ತಮಾಷೆ. ಆ ಪ್ರವಾಸದ ಪುಸ್ತಕ 1962ರಲ್ಲಿ ಬಂತು, ಅದೇ ವರ್ಷ ನೊಬೆಲ್ ಬಹುಮಾನವೂ ಬಂತು. ಸಾಹಿತಿಗಳು ಎಷ್ಟೋ ರಾತ್ರಿ ಗಾಡಿ ಬಿಟ್ಟು ಹೋಟೆಲಿನ ಮೆತ್ತನೆ ಹಾಸಿಗೆಯಲ್ಲೇ ಮಲಗಿದ್ದರು ಅಂತ ಬಹಳ ಕಾಲದ ಮೇಲೆ ಒಬ್ಬ ಪತ್ರಕರ್ತ ಬಯಲು ಮಾಡಿದ. ಹೋಗ್ಲಿ ಬಿಡಿ, ಕಾಯಿಲೆ ಮನುಷ್ಯ. ಅವರು ತೀರಿಕೊಂಡದ್ದು 1968ರಲ್ಲಿ, ಪ್ರವಾಸವಾಗಿ ಎಂಟು ವರ್ಷದ ಮೇಲೆ.

ಎಲ್ಲರದೂ ವಿಹಾರವಲ್ಲ

ಇಷ್ಟು ಓದಿ, ಅಮೆರಿಕದ ಮುದುಕರಿಗೆ ಏನು ಕಮ್ಮಿ ಅಂದುಕೊಂಡರೆ ತಪ್ಪು. ಗಾಡಿಯಲ್ಲಿ ಬಾಳುವ ಮುದುಕರಲ್ಲಿ ಬಹಳ ಜನ ಬೇರೆ ದಾರಿ ಇಲ್ಲದೆ ಬಂದವರು. 2008ರ ಆರ್ಥಿಕ ಕುಸಿತದಲ್ಲಿ ಮನೆ ಹೋಯಿತು, ಕೂಡಿಟ್ಟದ್ದು ಕರಗಿತು. ಪಿಂಚಣಿ ಬಾಡಿಗೆಗೇ ಸಾಲದು. ಹಳೆಯ ವ್ಯಾನು ಕೊಂಡು, ಹಿಂದಿನ ಸೀಟು ಕಿತ್ತು ಹಾಸಿಗೆ ಹಾಕಿಕೊಂಡು ಹೊರಟರು. ಅರವತ್ತು ಎಪ್ಪತ್ತರ ವಯಸ್ಸಿನಲ್ಲಿ ಸಕ್ಕರೆ ಬೀಟಿನ ಕೊಯ್ಲಿಗೆ, ಗೋದಾಮಿನ ಸಾಮಾನು ಕಟ್ಟಲಿಕ್ಕೆ, ಶಿಬಿರದ ಕಕ್ಕಸು ತೊಳೆಯಲಿಕ್ಕೆ ಕೂಲಿ ಹೋಗುತ್ತಾರೆ. ಇವರ ಕಥೆಯನ್ನು ಜೆಸಿಕಾ ಬ್ರೂಡರ್ ಅನ್ನುವ ಪತ್ರಕರ್ತೆ 2017ರಲ್ಲಿ 'ನೊಮ್ಯಾಡ್‌ಲ್ಯಾಂಡ್' ಅನ್ನುವ ಪುಸ್ತಕ ಮಾಡಿದರು. ಅದೇ ಹೆಸರಿನ ಸಿನಿಮಾಕ್ಕೆ 2021ರಲ್ಲಿ ಆಸ್ಕರ್ ಬಂತು. ಅದರಲ್ಲಿ ನಿಜವಾಗಿ ವ್ಯಾನಿನಲ್ಲಿ ಬಾಳುವವರೇ ಕೆಲವರು ಪಾತ್ರ ಮಾಡಿದ್ದಾರೆ.

ಚಳಿಗಾಲ ಬಂತೆಂದರೆ ಇವರಲ್ಲಿ ಬಹಳ ಜನ ಅರಿಜೋನಾದ ಮರಳುಗಾಡಿನ ಕ್ವಾರ್ಟ್ಸ್‌ಸೈಟ್ ಅನ್ನುವ ಪುಟ್ಟ ಊರಿಗೆ ಬಂದು ಸೇರುತ್ತಾರೆ. ಬೇಸಗೆಯಲ್ಲಿ ಎರಡು ಮೂರು ಸಾವಿರ ಜನ ಇರುವ ಊರು ಚಳಿಗಾಲದಲ್ಲಿ ನಮ್ಮ ದೊಡ್ಡ ಜಾತ್ರೆಯ ಹಾಗೆ ಗಿಜಿಗುಟ್ಟುತ್ತೆ, ಕಣ್ಣು ಹಾಯುವಷ್ಟು ದೂರ ಗಾಡಿಗಳೇ.

ಇಷ್ಟು ಜನ ಮುದುಕರು, ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ತಣ್ಣಗೆ ಇಡಬೇಕು, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ರಾತ್ರಿಯಿಡೀ ಯಂತ್ರ ಓಡಬೇಕು. ಅದಕ್ಕೇ ಗಾಡಿಯ ನೆತ್ತಿಯ ಮೇಲೆ ಸೌರಫಲಕ, ಕೆಳಗೆ ಬ್ಯಾಟರಿ. ಅರವತ್ತೈದು ತುಂಬಿದವರಿಗೆ ಸರ್ಕಾರದ ಮೆಡಿಕೇರ್ ವಿಮೆ ಉಂಟು. ಆದರೆ ಅದರ ಮೂಲ ವಿಮೆ ಹಲ್ಲಿನ ಮಾಮೂಲಿ ಚಿಕಿತ್ಸೆಗೆ ದುಡ್ಡು ಕೊಡೋಲ್ಲ. ಹಲ್ಲು ನೋವು ಬಂದರೆ? ಗಡಿ ದಾಟಿ ಮೆಕ್ಸಿಕೋದ ಲಾಸ್ ಆಲ್ಗೊದೋನೆಸ್ ಅನ್ನುವ ಊರಿಗೆ ನಡೆದು ಹೋಗುತ್ತಾರೆ. ಅಲ್ಲಿ ಕಿರಾಣಿ ಅಂಗಡಿಯ ಹಾಗೆ ಸಾಲಾಗಿ ಹಲ್ಲಿನ ಡಾಕ್ಟರುಗಳ ಬೋರ್ಡು. ಲೋಕದ ಶ್ರೀಮಂತ ದೇಶದ ಮುದುಕರು ಹಲ್ಲು ಕಟ್ಟಿಸಲು ಪಕ್ಕದ ಬಡ ದೇಶಕ್ಕೆ ಸಾಲು ನಿಲ್ಲೋದು!

ಗಾಡಿ ಓಡಿಸುವ ತ್ರಾಣವೇ ಹೋದ ಮೇಲೆ ಎಲ್ಲಿಗೆ ಹೋಗೋದು? ಈ ಪ್ರಶ್ನೆಗೂ ಅವರೇ ಒಂದು ದಾರಿ ಹುಡುಕಿಕೊಂಡರು. 1978ರಲ್ಲಿ ಶುರುವಾದ 'ಎಸ್ಕೇಪೀಸ್' ಅನ್ನುವ ಗಾಡಿವಾಸಿಗಳ ಸಂಘ ಟೆಕ್ಸಾಸಿನ ಲಿವಿಂಗ್‌ಸ್ಟನ್ ಊರಿನಲ್ಲಿ ಒಂದು ಆರೈಕೆ ಕೇಂದ್ರ ಕಟ್ಟಿತು. ಕಾಯಿಲೆಯಾದವರು ಗಾಡಿ ತಂದು ಅಲ್ಲಿ ನಿಲ್ಲಿಸಿ, ತಮ್ಮದೇ ಗಾಡಿಯಲ್ಲಿ, ತಮ್ಮದೇ ಹಾಸಿಗೆಯಲ್ಲಿ ಇರಬಹುದು. ಹೊತ್ತು ಹೊತ್ತಿಗೆ ಊಟ, ಡಾಕ್ಟರ ಹತ್ತಿರ ಹೋಗಲು ವಾಹನದ ವ್ಯವಸ್ಥೆ. ಗಾಲಿ ನಿಂತರೂ ಮನೆ ಬಿಡಬೇಕಾಗಿಲ್ಲ.

ಸ್ಕೂಟರಿನ ಹಿಂದೆ ಕೂತ ತಾಯಿ

ಇದೆಲ್ಲಾ ಅಮೆರಿಕದ ಮಾತಾಯ್ತು, ನಮ್ಮಲ್ಲೆಲ್ಲಿ ಅನ್ನುವವರು ಮೈಸೂರಿನ ಕಡೆ ನೋಡಬಹುದು. ಅಲ್ಲಿಯ ಕೃಷ್ಣಕುಮಾರ್ ತಮ್ಮ ತಾಯಿ ಚೂಡಾರತ್ನಮ್ಮನವರಿಗೆ ಏನೇನು ನೋಡಿದ್ದೀಯಮ್ಮಾ ಅಂತ ಕೇಳಿದಾಗ, ಬೇಲೂರು ಹಳೇಬೀಡನ್ನೂ ನೋಡಿಲ್ಲ ಅಂದರಂತೆ ಆ ತಾಯಿ. ಮಗ ಕೆಲಸ ಬಿಟ್ಟರು. ತಂದೆ ಕೊಡಿಸಿದ್ದ ಹಳೇ ಬಜಾಜ್ ಚೇತಕ್ ಸ್ಕೂಟರಿನಲ್ಲಿ, 2018ರ ಜನವರಿಯಲ್ಲಿ, ಎಪ್ಪತ್ತರ ಆಸುಪಾಸಿನ ತಾಯಿಯನ್ನು ಹಿಂದೆ ಕೂರಿಸಿಕೊಂಡು ಹೊರಟರು. ದೇಶ ಸುತ್ತಿ, ನೇಪಾಳ, ಭೂತಾನವನ್ನೂ ತೋರಿಸಿ, 2020ರಲ್ಲಿ ಊರಿಗೆ ಮರಳಿದರು. ರಾತ್ರಿ ತಂಗಿದ್ದು ಮಠ, ದೇವಸ್ಥಾನ, ಛತ್ರಗಳಲ್ಲಿ. ಮೂವತ್ತಾರು ಅಡಿಯ ಮೋಟಾರುಮನೆ ಇರಲಿಲ್ಲ, ಎರಡು ಗಾಲಿ ಸಾಕಾಯಿತು.

ಎರಡು ಗಾಲಿಯೂ ಬೇಡ, ಸರ್ಕಾರಿ ಬಸ್ಸಿದ್ದರೂ ಸಾಕು. 2023ರ ಜೂನ್ 11ರಂದು ಹೆಂಗಸರಿಗೆ ಬಿಟ್ಟಿ ಪ್ರಯಾಣದ 'ಶಕ್ತಿ' ಶುರುವಾದ ಮೇಲೆ ಧರ್ಮಸ್ಥಳದ ಬಸ್ಸು ಹತ್ತಿದ ಅಜ್ಜಿಯರನ್ನು ಕಂಡಕ್ಟರುಗಳನ್ನೇ ಕೇಳಿ. ಮಂಡಿ ನೋವು, ಬಿ.ಪಿ., ಕೈಯಲ್ಲಿ ಮಾತ್ರೆ ಚೀಟಿ, ಆದರೂ ಕಿಟಕಿ ಪಕ್ಕದ ಸೀಟಿಗೆ ಪೈಪೋಟಿ! ಆಸೆ ಆಗ ಹುಟ್ಟಿದ್ದಲ್ಲ, ಮೊದಲೇ ಇತ್ತು.

ಕೊನೆಯ ನಿಲ್ದಾಣ

ನೋರ್ಮಾ ಅಜ್ಜಿಯ ಕಥೆ ಪವಾಡದ್ದಲ್ಲ. ಗಾಡಿಯ ಗಾಳಿ ಕುಡಿದು ಕ್ಯಾನ್ಸರ್ ಮಾಯವಾಗಲಿಲ್ಲ. 2016ರ ಬೇಸಗೆಯಲ್ಲಿ ಕೈಕಾಲು ಊದಿಕೊಂಡವು, ಉಸಿರು ಕಷ್ಟವಾಯಿತು. ವಾಷಿಂಗ್ಟನ್ ರಾಜ್ಯದ ಒಂದು ದ್ವೀಪ, ಫ್ರೈಡೇ ಹಾರ್ಬರ್ ಅನ್ನುವ ಸಣ್ಣ ಊರು. ಗಾಡಿ ಅಲ್ಲಿ ನಿಂತಿತು, ಮತ್ತೆ ಮುಂದಕ್ಕೆ ಹೋಗಲಿಲ್ಲ. ಕೊನೆಗಾಲದ ರೋಗಿಗಳ ಸೇವೆ ಮಾಡುವ ದಾದಿಯರು ಗಾಡಿಗೇ ಬಂದು ನೋವು ಶಮನದ ಔಷಧ ಕೊಟ್ಟು ನೋಡಿಕೊಂಡರು. ಸೆಪ್ಟೆಂಬರ್ 30ರಂದು, ತೊಂಬತ್ತೊಂದನೇ ವಯಸ್ಸಿನಲ್ಲಿ, ಅಜ್ಜಿ ಹೋದರು.

ಇದನ್ನು ಓದಿ ಯಾರೂ ಔಷಧಿ ಚೀಟಿ ಹರಿದು ಹಾಕಬಾರದು. ತೊಂಬತ್ತು ವರ್ಷದ ಸಣಕಲು ದೇಹಕ್ಕೆ ಡಾಕ್ಟರೇ ಒಪ್ಪಿ ಹೇಳಿದ ಮಾತು ಐವತ್ತು ಅರವತ್ತರವರಿಗೆ ಅನ್ವಯಿಸೋಲ್ಲ. ವಾಸಿಯಾಗುವ ಕಾಯಿಲೆ ವಾಸಿ ಮಾಡಿಕೊಂಡೇ ತೀರಬೇಕು. ಗಾಡಿಯನ್ನು ಆಮೇಲೂ ಹತ್ತಬಹುದು.

ಹಾಗೇ, ಇದು ಅಜ್ಜಿ ಒಬ್ಬರ ಧೈರ್ಯ ಮಾತ್ರವೂ ಅಲ್ಲ. ಗಾಲಿಕುರ್ಚಿ ಎತ್ತಿ ಇಳಿಸಿದವನು ಮಗ. ದಿನದಿನದ ಆರೈಕೆಗೆ ಪಕ್ಕದಲ್ಲೇ ಇದ್ದವಳು ಸೊಸೆ. ಒಂದು ವರ್ಷದ ಮೇಲೆ ಮೂರು ಜನ, ಒಂದು ನಾಯಿ, ಒಂದು ಬಸ್ಸಿನಷ್ಟು ಜಾಗದಲ್ಲಿ ಇದ್ದರು. ಇಷ್ಟು ಹೊರೆ ಹೊರಲು ಎಲ್ಲರಿಂದಲೂ ಆಗೋಲ್ಲ. ಅಂಗಡಿ ಬಾಗಿಲು ಒಂದು ದಿನ ಹಾಕಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ ಅನ್ನುವ ಸಂಕಟ ಇರುವವರಿಗೆ ಇದು ಚೆನ್ನಾಗಿ ಗೊತ್ತು.

ಆದರೆ ಆ ಮಗ-ಸೊಸೆ ಗಾಡಿ ಕೊಳ್ಳುವುದಕ್ಕೆ ಮೊದಲೇ ಇನ್ನೊಂದು ಕೆಲಸ ಮಾಡಿದ್ದರು. ಅದಕ್ಕೆ ಮಾತ್ರ ಕಾಸು ಖರ್ಚಿಲ್ಲ. ನಿನಗೆ ಏನು ಬೇಕಮ್ಮಾ ಅಂತ ಕೇಳಿದ್ದರು.

ನಮ್ಮ ಮನೆಗಳಲ್ಲಿ ಅಪ್ಪನ ಆಪರೇಷನ್ನು ಯಾವಾಗ, ಅಮ್ಮ ಯಾರ ಮನೆಯಲ್ಲಿ ಎಷ್ಟು ತಿಂಗಳು, ಮದ್ದೂರಿಗೆ ಕರೆದುಕೊಂಡು ಹೋಗೋದೋ ಬೆಂಗಳೂರಿಗೋ, ಎಲ್ಲವನ್ನೂ ಅಣ್ಣ ತಮ್ಮಂದಿರು ಜಗಲಿಯಲ್ಲಿ ಕೂತು ತೀರ್ಮಾನ ಮಾಡುತ್ತಾರೆ. ಒಳಗೆ ಮಂಚದ ಮೇಲೆ ಕೂತವರಿಗೆ ಎಲ್ಲಾ ಕೇಳಿಸುತ್ತಾ ಇರುತ್ತೆ. ಅವರನ್ನು ಕೇಳೋರು ಯಾರೂ ಇರೋಲ್ಲ.

ಕೇಳಿದರೆ ಅವರು ಅಮೆರಿಕದ ಮೋಟಾರುಮನೆ ಕೇಳೋಲ್ಲ. ತವರೂರಿನ ಕೆರೆ ಏರಿ ಇನ್ನೊಂದು ಸಲ ನೋಡಬೇಕು ಅನ್ನಬಹುದು. ಒಂದು ಸಲ ಸಮುದ್ರಕ್ಕೆ ಕಾಲು ಇಳಿಬಿಡಬೇಕು ಅನ್ನಬಹುದು. ಎಲ್ಲಿಗೂ ಬೇಡ, ನನ್ನ ಮಂಚ ಕಿಟಕಿ ಕಡೆ ಸರಿಸಿದರೆ ಸಾಕು ಅಂದರೂ ಅನ್ನಬಹುದು.

ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಕೇಳಿ ನೋಡಿ. ನಾಳೆ ಬೆಳಿಗ್ಗೆ ಬಸ್ಸಿಗೆ ಇನ್ನೂ ಸೀಟು ಇರುತ್ತೆ.